ಹಂಪಮ್ಮ ಕೊಲೆ ಮಾಡಿದಳೇ?

ಸಿರುಗುಪ್ಪದ ನಮ್ಮ ಓಣಿಯಲ್ಲಿ ಇಮಾಮಹುಸೇನ್ ಅವರನ್ನು ಎಲ್ಲರೂ ಕರೆಯುವುದು ಕಾದಂಬರಿ ಸಾಹೇಬರು ಎಂದು. ಅವರು ಬರೆದದ್ದು ಒಂದೇ ಒಂದು ಕಾದಂಬರಿ, ಅದೂ ಮೂವತ್ತೈದು ವರ್ಷಗಳ ಹಿಂದೆ. ಅಂಗಿಯ ಜೇಬಿನಲ್ಲಿ ಹಿಡಿಸುವಂಥ ಪತ್ತೇದಾರಿ ಪುಸ್ತಕ. ಗದಗಿನ ಪ್ರಕಾಶಕರೊಬ್ಬರು ತಿಂಗಳಿಗೊಂದರಂತೆ ಹೊರತರುತ್ತಿದ್ದ ಮಾಲೆಯಲ್ಲಿ ಬಂದದ್ದು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಾಳೆಗೊನೆಯ ಪಕ್ಕದಲ್ಲಿ ದಾರಕ್ಕೆ ನೇತಾಡುತ್ತಿದ್ದವಲ್ಲ, ಅಂಥದ್ದು. ಹೆಸರು ‘ಬೂದಿ ಇನ್ನೂ ಬಿಸಿ ಇತ್ತು’. ಮುಂದೆ ಆ ಮಾಲೆ ನಿಂತಿತು, ಪುಸ್ತಕ ಸಿಗದಂತಾಯಿತು, ಇವರೂ ಬರೆಯುವುದನ್ನು ಬಿಟ್ಟರು. ಹೆಸರು ಮಾತ್ರ ಉಳಿಯಿತು.

ನಾನು ಜಯಶ್ರೀ. ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅವರ ಮನೆಯ ಗೋಡೆಗೆ ನಮ್ಮ ಮನೆಯ ಗೋಡೆ ಹತ್ತಿಕೊಂಡಿದೆ. ಅವರ ಹೆಂಡತಿ ರಹೀಮಾಬೀ ನನಗೆ ಅಕ್ಕನ ಸಮಾನ. ಈಗ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ಅಕ್ಕ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ್ದು.

ಇಮಾಮಹುಸೇನರ ತಂದೆ ಹತ್ತಿ ಹಿಂಜಿ ಗಾದಿ ತುಂಬುವವರು. ಮಗನಿಗೆ ಆ ಕಸುಬು ಒಗ್ಗಲಿಲ್ಲ. ಹತ್ತಿಯ ಧೂಳಿಗೆ ಉಸಿರು ಕಟ್ಟುತ್ತಿತ್ತು. ಹತ್ತನೇ ಇಯತ್ತೆ ಮುಗಿಸಿ ಊರ ಹೊರಗಿನ ಅಕ್ಕಿ ಮಿಲ್ಲಿನಲ್ಲಿ ತೂಕದ ಗುಮಾಸ್ತನಾಗಿ ಸೇರಿದರು. ಅದೇ ಮಿಲ್ಲಿನ ಅಂಗಳದಲ್ಲಿ ಸಿರಿಗೇರಿಯ ಮಾಬಮ್ಮ ಎಂಬ ವಿಧವೆ ಕೆಲಸ ಮಾಡುತ್ತಿದ್ದಳು. ಕುದಿಸಿದ ನೆಲ್ಲನ್ನು ಅಂಗಳಕ್ಕೆ ಹರವಿ, ಹೆಂಗಸರು ಸಾಲಾಗಿ ಕಾಲು ಎಳೆಯುತ್ತ ನಡೆದು ಅದನ್ನು ಮಗುಚುತ್ತಿದ್ದರು. ಮಾಬಮ್ಮ ಆ ಸಾಲಿನ ಮುಂದಾಳು. ತಲೆ ತಗ್ಗಿಸಿ ಕೆಲಸ ಮಾಡುವ, ಊಟದ ಹೊತ್ತಿನಲ್ಲಿ ಚೀಲದ ಮೇಲೆ ಕೂತು ಏನಾದರೂ ಓದುವ ಈ ಹುಡುಗನನ್ನು ಅವಳೇ ನೋಡಿ ಮೆಚ್ಚಿ, ಒಬ್ಬಳೇ ಮಗಳಾದ ರಹೀಮಾಬೀಯನ್ನು ಕೊಟ್ಟಳು. ಮದುವೆಯಾದ ಎರಡನೇ ವರ್ಷವೇ ಮಾಬಮ್ಮ ಜ್ವರ ಬಂದು ತೀರಿಕೊಂಡಳು. ಇಮಾಮಹುಸೇನರು ಕಾದಂಬರಿ ಬರೆದದ್ದು ಅದರ ಮರುವರ್ಷ.

ಕಾದಂಬರಿಯ ಕಥೆ ಹೀಗಿದೆ. ಕಾಡಸಿದ್ದಪ್ಪನೆಂಬ ಮಿಲ್ ಮಾಲೀಕ ಒಂದು ದಿನ ಕಾಣೆಯಾಗುತ್ತಾನೆ. ಮಿಲ್ಲಿನ ಹಿಂದೆ ಗುಡ್ಡದಂತೆ ಬಿದ್ದ ಹೊಟ್ಟಿನ ರಾಶಿ ಒಳಗೊಳಗೇ ಉರಿಯುತ್ತಿದೆ. ಅಲ್ಲಿನ ತೂಕದ ಗುಮಾಸ್ತ ಬೂದಿಯೊಳಗೆ ಕೈ ಇಟ್ಟು ನೋಡುತ್ತಾನೆ. ಆರಿರಬೇಕಾದ ಜಾಗದಲ್ಲಿ ಬೂದಿ ಬಿಸಿಯಿದೆ, ಮಾಲೀಕನ ಹೆಣವನ್ನು ಯಾರೋ ಅಲ್ಲಿ ಸುಟ್ಟಿದ್ದಾರೆ. ಆ ರಾಶಿಯಲ್ಲಿ ಬೆಂಕಿ ಎಲ್ಲಿದೆ, ಎಲ್ಲಿಲ್ಲ ಎಂದು ಬಲ್ಲವರು ಯಾರು ಎಂದು ಹುಡುಕುತ್ತ ಹೋಗುತ್ತಾನೆ. ಅನುಮಾನವೆಲ್ಲ ಮಾಲೀಕನ ಭಾಮೈದನ ಮೇಲೆ. ಕೊನೆಗೆ ನೋಡಿದರೆ ಕೊಲೆ ಮಾಡಿದವಳು ಅಂಗಳದಲ್ಲಿ ನೆಲ್ಲು ಮಗುಚುವ ಹಂಪಮ್ಮ. ಕೆಟ್ಟ ಬಾಯ್ಲರನ್ನು ರಿಪೇರಿ ಮಾಡಿಸದೆ ಕಾಡಸಿದ್ದಪ್ಪ ಅವಳ ಗಂಡನನ್ನು ಕೊಂದಿರುತ್ತಾನೆ. ಅದಕ್ಕೆ ಇದು ಸೇಡು. ಕೊನೆಯ ಪುಟದಲ್ಲಿ ಪೊಲೀಸ್ ಜೀಪು ಬಂದು ನಿಲ್ಲುತ್ತದೆ. ಹಂಪಮ್ಮ ಓಡುವುದಿಲ್ಲ. ಬಗ್ಗಿ ನಾಲ್ಕು ಕಾಳು ನೆಲ್ಲು ತೆಗೆದುಕೊಂಡು, ಒಂದನ್ನು ದವಡೆಯಲ್ಲಿ ಕಡಿದು, ಆ ಸಪ್ಪಳ ಕೇಳಿ, “ಇನ್ನೊಂದು ಬಿಸಿಲು ಬೇಕು ಇದಕ್ಕ” ಅನ್ನುತ್ತಾಳೆ. ಆಮೇಲೆ ಜೀಪು ಹತ್ತುತ್ತಾಳೆ.

ನಾನು ಅದನ್ನು ಮೊದಲ ಸಲ ಓದಿದಾಗ ಮೈ ಜುಂ ಎಂದಿತ್ತು. ಅಷ್ಟು ತಣ್ಣಗಿನ ಮಾತು.

ರಹೀಮಾಬೀಗೆ ಮಾತ್ರ ಆ ಮುಕ್ತಾಯ ಮೊದಲಿನಿಂದಲೂ ಕಂಡರಾಗದು. ಅವರಿಬ್ಬರ ಸಂಸಾರದಲ್ಲಿ ನಾನು ಕೇಳಿದ ಜಗಳ ಅದೊಂದೇ. ಅದೂ ಎಂಥ ಜಗಳ ಎಂದರೆ, ಸಂಜೆ ಚಹಾ ಕುಡಿಯುವಾಗ ಬೇರೆ ಮಾತಿಲ್ಲದಿದ್ದರೆ ತೆಗೆದುಕೊಳ್ಳುವಂಥದ್ದು.

“ಅಲ್ರೀ, ಭಾಮೈದ ಅಂಥಾ ಖದೀಮ ಮಗ್ಗಲದಾಗ ಕುಂತಾನ. ಅವನ್ನ ಬಿಟ್ಟು ಕೂಲಿಗೆ ಬಂದ ಹೆಣ್ಣುಮಗಳನ್ನ ಹಿಡಿಸೀರಲ್ಲ, ನಿಮಗೇನರ ನ್ಯಾಯ ಐತೇನು?”

“ಪತ್ತೇದಾರಿ ಅಂದ್ರ ಹಂಗ, ರಹೀಮಾ. ಯಾರ ಮ್ಯಾಲೆ ಅನುಮಾನ ಬರಂಗಿಲ್ಲೋ ಅವರೇ ಮಾಡಿರಬೇಕು.”

“ಹಂಗಾದ್ರ ನನ್ನ ಮ್ಯಾಲೂ ಯಾರಿಗೂ ಅನುಮಾನ ಬರಂಗಿಲ್ಲ.”

“ನನಗ ದಿನಾ ಬರತೈತಿ.”

ಹೀಗೆ ನಗುವಿನಲ್ಲಿ ಮುಗಿಯುತ್ತಿತ್ತು. ಮಗಳು ಆಸ್ಫಿಯಾ ಇದನ್ನು ಕೇಳುತ್ತಲೇ ಬೆಳೆದು, ಮದುವೆಯಾಗಿ ಬಳ್ಳಾರಿಯ ಕೌಲ್ ಬಜಾರಿಗೆ ಹೋದಳು. ಅಲ್ಲಿ ಗಂಡ ಹೆಂಡತಿ ಜೀನ್ಸ್ ಪ್ಯಾಂಟ್ ಹೊಲಿಯುವ ಸಣ್ಣ ಯೂನಿಟ್ ನಡೆಸುತ್ತಾರೆ.

ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಸಮ್ರಾಟ್ ಎಂಬ ಹುಡುಗ ಬೈಕಿನ ಮೇಲೆ ನಮ್ಮ ಓಣಿಗೆ ಬಂದ. ಬಳ್ಳಾರಿಯವನು, ಸಣ್ಣ ಸಣ್ಣ ಚಿತ್ರಗಳನ್ನು ಮಾಡಿ ಈಗ ದೊಡ್ಡದೊಂದಕ್ಕೆ ಕೈ ಹಾಕಿದ್ದ. ಅವನ ತಾಯಿ ಎಂದೋ ಬಸ್ಸಿನಲ್ಲಿ ಓದಲು ಕೊಂಡಿದ್ದ ‘ಬೂದಿ’ ಅವರ ಮನೆಯಲ್ಲಿ ರಟ್ಟು ಹರಿದು ಬಿದ್ದಿತ್ತಂತೆ. ಬರೆದವರು ಯಾರೆಂದು ತಿಳಿಯಲು ದಾರಿಯಿರಲಿಲ್ಲ. ಸಿರುಗುಪ್ಪದ ಮಿಲ್ಲುಗಳಲ್ಲಿ ಒಂದೊಂದಾಗಿ ಕೇಳುತ್ತ ಬಂದು ಇವರ ಬಾಗಿಲು ಮುಟ್ಟಿದ್ದ.

“ಸರ್, ನಾನು ಎಂಟನೇ ಕ್ಲಾಸಿನಾಗ ಇದ್ದಾಗ ಓದೀನಿ ಇದನ್ನ. ಅವತ್ತಿಂದ ಹೊಟ್ಟಿನ ರಾಶಿ ಕಂಡ್ರ ದೂರ ಹೋಗ್ತೀನಿ,” ಎಂದ.

ಇಮಾಮಹುಸೇನರು ಆ ದಿನ ಎರಡು ಸಲ ಅಂಗಿ ಬದಲಿಸಿದರು. ಸಮ್ರಾಟ್ ಮೂರು ನಾಲ್ಕು ಸಲ ಬಂದ. ಪ್ರತಿ ಸಲವೂ ರಹೀಮಾಬೀ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ಬಜ್ಜಿ ಮಾಡಿ ಕೊಟ್ಟಳು. ಒಮ್ಮೆ ಸಾಹೇಬರು ನಮಾಜಿಗೆ ಹೋಗಿದ್ದಾಗ ಹುಡುಗ ಸುಮ್ಮನೆ ಕೇಳಿದ: “ಅಮ್ಮಾ, ಈ ಪುಸ್ತಕದಾಗ ನಿಮಗ ಯಾವುದು ಸೇರಲಿಲ್ಲ?”

ಕೇಳಬಾರದಿತ್ತೋ ಏನೋ. ಇವಳು ಒಲೆ ಆರಿಸಿ ಬಂದು ಎದುರಿಗೆ ಕೂತಳು.

“ಹಂಪಮ್ಮ ಕೊಲಿ ಮಾಡಾಕಿ ಅಲ್ಲ ತಮ್ಮಾ. ಆ ಅಂಗಳದಾಗ ಬಿಸಿಲಿಗೆ ಬೆಂದು, ಮನಿಗೆ ಹೋಗಿ ಒಲಿ ಹಚ್ಚಿ, ಮಕ್ಕಳಿಗೆ ಉಣಿಸಿ ಮಲಗಾಕಿಗೆ ಸೇಡು ತೀರಿಸಾಕ ತ್ರಾಣ ಎಲ್ಲಿರತೈತಿ? ಮಾಡಿದವನು ಭಾಮೈದ. ಆಕಿ ನೋಡ್ಯಾಳ. ನೋಡಿ ಬಾಯಿ ಬಿಡಾಕ ಅಂಜ್ಯಾಳ. ಅಷ್ಟ.”

ಸಮ್ರಾಟ್ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗಿಟ್ಟ. ಆ ಮುಕ್ತಾಯದ ಬಗ್ಗೆ ಅವನಿಗೂ ಒಳಗೆ ಅಳುಕಿತ್ತಂತೆ. ಮುಂದೆ ಸಾಹೇಬರಿಗೆ ಅವನು ಹೇಳಿದ್ದು ಒಂದೇ ಮಾತು: “ಸರ್, ಕೊನಿ ಸ್ವಲ್ಪ ಬದಲಾಗತೈತಿ.” ಇವರು, “ಸಿನಿಮಾ ಅಂದಮ್ಯಾಲೆ ಅಷ್ಟು ಇರೋದ ಬಿಡಪ್ಪ,” ಎಂದು ದೊಡ್ಡ ಮನಸ್ಸಿನಿಂದ ಸಹಿ ಮಾಡಿದರು. ಹಂಪಮ್ಮ ಗಲ್ಲಿಗೇರುವುದನ್ನೂ ತೋರಿಸಬಹುದು ಎಂದುಕೊಂಡಿದ್ದರು ಪಾಪ.

ಚಿತ್ರೀಕರಣ ನಡೆದದ್ದು ಕುರುಗೋಡಿನಲ್ಲಿ. ಸಿರುಗುಪ್ಪದ ಮಿಲ್ಲುಗಳೆಲ್ಲ ಈಗ ಹೊಸ ಯಂತ್ರ ಕೂರಿಸಿಕೊಂಡು ಹೊಳೆಯುತ್ತಿವೆ. ಹಳೆಯ ಅಂಗಳ, ಹಳೆಯ ಚಿಮಣಿ ಇರುವ ಮುಚ್ಚಿದ ಮಿಲ್ಲು ಅಲ್ಲೇ ಸಿಕ್ಕಿತ್ತು. ಮೊದಲ ದಿನ ಸಾಹೇಬರನ್ನು ಕಾರು ಕಳಿಸಿ ಕರೆಸಿಕೊಂಡರು, ಶಾಲು ಹೊದಿಸಿದರು. ಮಧ್ಯಾಹ್ನಕ್ಕೆಲ್ಲ ಮುಖ ಗಂಟು ಹಾಕಿಕೊಂಡು ವಾಪಸ್ ಬಂದರು.

“ಏನಾತು?” ಎಂದಳು ರಹೀಮಾಬೀ.

“ಗುಡ್ಡ! ಮಿಲ್ಲಿನ ಹಿಂದ ಎಲ್ಲಿ ನೋಡಿದ್ರೂ ಬಂಡಿಗಲ್ಲಿನ ಗುಡ್ಡ. ನನ್ನ ಕತಿಯಾಗ ಗುಡ್ಡ ಎಲ್ಲೈತಿ? ಸಿರುಗುಪ್ಪದಾಗ ಕಣ್ಣು ಹಾಯಿಸಿದಷ್ಟು ಗದ್ದಿ. ಅಡಗಾಕ ಜಾಗ ಇಲ್ಲ ಅನ್ನೋದ ಕತಿ. ಇವರು ಗುಡ್ಡದ ಮ್ಯಾಲೆ ಓಡ್ಯಾಡಾಕ ಹತ್ಯಾರ.” ನೀರು ಕುಡಿದು ಮತ್ತೆ ಹೇಳಿದರು, “ನನ್ನ ಗುಮಾಸ್ತನ್ನ ಇನ್ಸ್‌ಪೆಕ್ಟರ್ ಮಾಡ್ಯಾರ. ಬುಲೆಟ್ ಗಾಡಿ ಕೊಟ್ಟಾರ. ನಾ ಇನ್ನ ಆ ಕಡಿ ಹೋಗಂಗಿಲ್ಲ.”

ಹೋಗಲಿಲ್ಲ. ಆದರೆ ಮರುವಾರ ರಹೀಮಾಬೀ ಹೋದಳು. ಮಗಳ ಮನೆಗೆ ಹೋಗಿ ಬರುತ್ತೇನೆಂದು ಹೇಳಿ, ಜೊತೆಗೆ ನನ್ನನ್ನು ಕರೆದುಕೊಂಡಳು. ಸಮ್ರಾಟ್ ಫೋನ್ ಮಾಡಿ ಬರ್ರಿ ಎಂದಿದ್ದನಂತೆ.

ಹಂಪಮ್ಮನ ಪಾತ್ರಕ್ಕೆ ಬಳ್ಳಾರಿಯ ನಾಟಕದ ಕಲಾವಿದೆ ಚನ್ನವೀರಮ್ಮ ಬಂದಿದ್ದರು. ನುರಿತ ನಟಿ, ಅಂಗಳದಲ್ಲಿ ನಿಂತರೆ ಕಣ್ಣು ತೆಗೆಯಲಾಗದು. ನೆಲ್ಲಿನ ಕಾಳು ಕಡಿಯುವ ದೃಶ್ಯ ನಡೆಯುತ್ತಿತ್ತು. ಅವರು ಮುಂದಿನ ಹಲ್ಲಿನಿಂದ ಅಡಿಕೆ ಕಡಿದಂತೆ ಕಡಿದರು. ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದ್ದ ರಹೀಮಾಬೀ ಯಾವಾಗ ಎದ್ದಳೋ ನನಗೇ ತಿಳಿಯಲಿಲ್ಲ. ನೋಡಿದರೆ ಅಂಗಳದ ನಡುವೆ ಇದ್ದಾಳೆ.

“ಹಂಗಲ್ಲ ತಾಯಿ. ಒಳಗಿನ ಹಲ್ಲಿಗೆ ಇಟಗೋರಿ. ಕಡದಿಂದ ಸ್ವಲ್ಪ ತಡೀರಿ, ಸಪ್ಪಳ ಕೇಳಬೇಕು. ಕಟ್ ಅಂದ್ರ ಒಣಗೈತಿ. ಮೆತ್ತಗ ಅಂದ್ರ ಇನ್ನ ಹಸಿ.” ಹಾಗೆಯೇ ಸೆರಗನ್ನು ಎಡಸೊಂಟಕ್ಕೆ ಸಿಕ್ಕಿಸಿ, ಬಲಗಾಲು ಮುಂದಿಟ್ಟು ಎಡಗಾಲನ್ನು ಎಳೆಯುತ್ತ ನೆಲ್ಲಿನಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಅವಳು ಮಿಲ್ಲಿನಲ್ಲಿ ಕೆಲಸ ಮಾಡಿದವಳಲ್ಲ. ಎಲ್ಲಿ ಕಲಿತಳು ಎಂದು ನಾನು ಬೆರಗಾದೆ. ಚನ್ನವೀರಮ್ಮ ಅವಳ ಹಿಂದೆಯೇ ಹೆಜ್ಜೆ ಹಾಕಿದರು. ಇಬ್ಬರೂ ಆ ಮಧ್ಯಾಹ್ನವೆಲ್ಲ ಅಂಗಳದಲ್ಲಿಯೇ ಇದ್ದರು.

ಬರುವಾಗ ಕಾರಿನಲ್ಲಿ ಅವಳು ಹೊರಗೆ ನೋಡುತ್ತ, “ಜಯಾ, ಇದನ್ನ ಅವರಿಗೆ ಹೇಳಬ್ಯಾಡ,” ಎಂದಳು. ನಾನು ಹೇಳಲಿಲ್ಲ.

ಚಿತ್ರಕ್ಕೆ ‘ಗೋದಾಮು ನಂಬರ್ ಏಳು’ ಎಂದು ಹೆಸರಿಟ್ಟರು. ಪುಸ್ತಕದ ಹೆಸರು ಉದ್ದವಾಯಿತಂತೆ. ಬಿಡುಗಡೆಯಾದ ವಾರ ನಾವು ಮೂವರೂ ಬಳ್ಳಾರಿಗೆ ಹೋದೆವು. ಆಸ್ಫಿಯಾ ಥಿಯೇಟರಿನ ಬಾಗಿಲಲ್ಲೇ ಕಾಯುತ್ತಿದ್ದಳು. ಮಧ್ಯಾಹ್ನದ ಆಟ. ಪರದೆಯ ಮೇಲೆ ‘ಮೂಲ ಕಾದಂಬರಿ: ಇಮಾಮಹುಸೇನ್, ಸಿರುಗುಪ್ಪ’ ಎಂದು ಬಂದಾಗ ಆಸ್ಫಿಯಾ ಸೀಟಿ ಹೊಡೆದಳು. ಸಾಹೇಬರು ಅವಳ ತೊಡೆಗೆ ಮೆಲ್ಲಗೆ ಹೊಡೆದರು, ಆದರೆ ನಗುತ್ತಿದ್ದರು.

ಮೊದಲರ್ಧದಲ್ಲಿ ಅವರ ಬಾಯಿ ನಿಲ್ಲಲಿಲ್ಲ. ಇನ್ಸ್‌ಪೆಕ್ಟರ್ ಬಂಡೆಯಿಂದ ಬಂಡೆಗೆ ಹಾರಿದಾಗ “ನನ್ನ ಗುಮಾಸ್ತಗ ಮಂಡಿ ನೋವು ಇತ್ತು” ಎಂದರು. ಹಾಡು ಬಂದಾಗ ಕಣ್ಣು ಮುಚ್ಚಿದರು. ಕೆಲಸ ಕಳೆದುಕೊಳ್ಳುವ ಹೆದರಿಕೆಯಲ್ಲಿ ಗುಮಾಸ್ತ ಅನುಮಾನವನ್ನು ಬಾಯಲ್ಲೇ ನುಂಗುವುದು, ಮಾಲೀಕನ ಮನೆಯವರ ಮುಖ ನೋಡಲಾಗದೆ ನೆಲ ನೋಡುವುದು, ಇವೆಲ್ಲ ಪುಸ್ತಕದ ಜೀವಾಳ. ಸಿನಿಮಾದಲ್ಲಿ ಅದಾವುದೂ ಇರಲಿಲ್ಲ. ಇನ್ಸ್‌ಪೆಕ್ಟರಿಗೆ ಯಾರ ಹೆದರಿಕೆ? ಅದು ನನಗೂ ಬೇಸರವೆನಿಸಿತು.

ಆದರೆ ಹೊಟ್ಟಿನ ರಾಶಿ ಬಂತು ನೋಡಿ. ಹಾಡಿಲ್ಲ, ಮಾತಿಲ್ಲ. ಬೆಳಗಿನ ಬಿಸಿಲಿನಲ್ಲಿ ಬಂಗಾರದ ಬಣ್ಣದ ರಾಶಿ, ಅದರ ಒಂದು ಮಗ್ಗುಲಿನಿಂದ ದಾರದಷ್ಟು ತೆಳ್ಳನೆಯ ಹೊಗೆ. ಹೊಗೆ ಏಳುತ್ತಲೇ ಇದೆ. ಸಾಹೇಬರು ಮುಂದಕ್ಕೆ ಬಾಗಿದರು. “ನಾ ಮೂರು ಪುಟ ಬರದಿದ್ದನ್ನ ಈ ಹುಡುಗ ಒಂದು ಹೊಗಿಯಾಗ ಹೇಳಿಬಿಟ್ಟ,” ಎಂದು ತಮಗೆ ತಾವೇ ಅಂದುಕೊಂಡರು.

ಕೊನೆಯಲ್ಲಿ ಜೀಪು ಬಂತು. ಬಂದು, ಹಂಪಮ್ಮನನ್ನು ದಾಟಿ ಹೋಗಿ ಭಾಮೈದನನ್ನು ಹತ್ತಿಸಿಕೊಂಡಿತು. ಸಾಹೇಬರು ತಟ್ಟನೆ ಹೆಂಡತಿಯ ಕಡೆ ತಿರುಗಿದರು. ಅವಳು ಇವರನ್ನು ನೋಡಲಿಲ್ಲ. ಪರದೆ ಬಿಟ್ಟು ಬೇರೇನೂ ಅವಳಿಗೆ ಕಾಣುತ್ತಿರಲಿಲ್ಲ. ಜೀಪಿನ ಧೂಳು ಅಡಗಿತು. ಅಂಗಳದಲ್ಲಿ ಹಂಪಮ್ಮ ಸೆರಗನ್ನು ಎಡಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ ಕಾಳು ತೆಗೆದಳು, ದವಡೆಗಿಟ್ಟು ಕಡಿದಳು, ಸಪ್ಪಳ ಕೇಳಿದಳು. “ಇನ್ನೊಂದು ಬಿಸಿಲು ಬೇಕು ಇದಕ್ಕ. ನಡೀರಿ,” ಎಂದು ಉಳಿದ ಹೆಂಗಸರನ್ನು ಕರೆದುಕೊಂಡು ಕಾಲು ಎಳೆಯುತ್ತ ನಡೆದಳು. ಪುಸ್ತಕದಲ್ಲಿದ್ದ ಅದೇ ಮಾತು. ಅಲ್ಲಿ ಮೈ ನಡುಗಿಸಿದ್ದು ಇಲ್ಲಿ ಎದೆ ತುಂಬಿಸಿತು.

“ಅವ್ವಾ,” ಎಂದಳು ರಹೀಮಾಬೀ. ಜೋರಾಗಿ ಅಲ್ಲ. ಆದರೆ ನಮ್ಮ ಸಾಲಿಗೆಲ್ಲ ಕೇಳಿಸಿತು.

ಊಟಕ್ಕೆ ಆಸ್ಫಿಯಾಳ ಮನೆಗೆ ಹೋದೆವು. ಪಡಸಾಲೆಯಲ್ಲಿ ಪ್ಯಾಂಟುಗಳ ರಾಶಿ ಸರಿಸಿ ಚಾಪೆ ಹಾಸಿದ್ದಳು. ಬಡಿಸುತ್ತ ಬಡಿಸುತ್ತ ತಂದೆಯನ್ನು ಕೇಳಿದಳು, “ಅಪ್ಪಾ, ನಮ್ಮಜ್ಜಿ ಖರೇನ ಹಂಗ ಇದ್ಲೇನು?”

ಇಮಾಮಹುಸೇನರ ಕೈ ತುತ್ತಿನ ಜೊತೆ ತಟ್ಟೆಯಲ್ಲೇ ನಿಂತಿತು. ಆಮೇಲೆ, “ಹಂಗ ಇದ್ರು,” ಎಂದರು.

ಸಿರುಗುಪ್ಪಕ್ಕೆ ಬರುವ ಬಸ್ಸಿನಲ್ಲಿ ಅವರು ಹೆಂಡತಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ತಾವು ಮುಂದಿನ ಸೀಟಿಗೆ ಹಣೆ ಹಚ್ಚಿ ಕೂತರು. ಮುಕ್ತಾಯ ಬದಲಾದದ್ದಕ್ಕೆ ಸಿಟ್ಟಾಗಿದ್ದಾರೆ ಎಂದು ನಾನು ತಿಳಿದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ನಾನು ಮೊಸರು ಕೊಡಲು ಹೋದಾಗ ಅವರು ಪುಸ್ತಕ ತೆರೆದು, ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದರು. ಹೊಸ ಮುದ್ರಣ ತರುತ್ತೇನೆಂದು ಬಳ್ಳಾರಿಯ ಪುಸ್ತಕದಂಗಡಿಯವರು ಕೇಳಿದ್ದರು. ರಹೀಮಾಬೀ ಬಾಗಿಲ ಪಕ್ಕ ಅಕ್ಕಿ ಆರಿಸುತ್ತಿದ್ದಳು. ನಾನು ತಿರುಗಿ ಹೊರಡಲಿದ್ದೆ. ಅವಳೇ, “ಕುಂದ್ರು ಜಯಾ,” ಎಂದಳು.

“ಮೂವತ್ತೈದು ವರ್ಷ ನ್ಯಾಯ, ನ್ಯಾಯ ಅಂತ ಜಗಳಾಡಿದಿ,” ಎಂದರು ಸಾಹೇಬರು. “ನಮ್ಮವ್ವನ್ನ ಕೊಲೆಗಾರ್ತಿ ಮಾಡೀರಿ ಅಂತ ಒಂದು ದಿನ ಯಾಕ ಅನ್ನಲಿಲ್ಲ?”

“ಅಂದಿದ್ರ ನೀವು ಬರಿಯೋದು ಬಿಡ್ತಿದ್ರಿ.”

“ಅನ್ನದಿದ್ರೂ ಬಿಟ್ಟೆ.”

“ಅದು ನನ್ನ ತಪ್ಪಲ್ಲ ಬಿಡ್ರಿ,” ಎಂದು ಅವಳು ಒಂದು ಕಲ್ಲು ಎತ್ತಿ ಹೊರಗೆಸೆದಳು.

ಸಾಹೇಬರ ದನಿ ಇಳಿಯಿತು. “ಅತ್ತಿನ್ನ ಬರೀಬೇಕಂತ ಬರೀಲಿಲ್ಲ ರಹೀಮಾ. ಅಂಗಳ ಅಂತ ಬರದ್ರ ಸಾಕು, ಅವರು ಬಂದು ನಿಂದ್ರುತಿದ್ರು. ಆಗ ಅವರು ಹೋಗಿ ವರ್ಷ ತುಂಬಿರಲಿಲ್ಲ. ಬ್ಯಾರೆ ಹೆಂಗಸು ಹೆಂಗ ನಡೀತಾಳ ಅಂತ ನನಗ ಗೊತ್ತ ಇರಲಿಲ್ಲ.” ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. “ಕೊಲೆ ಹಂಪಮ್ಮನೇ ಮಾಡಲಿ. ಅದನ್ನ ತಗದ್ರ ನನ್ನ ಕತಿ ಕುಸೀತೈತಿ. ಆದ್ರ ಅತ್ತಿನ್ನ ಇದರಾಗಿಂದ ಬಿಡಿಸಿ ತಗದುಬಿಡೋಣು. ಎಲ್ಲೆಲ್ಲಿ ಅದಾರ, ನೀ ತೋರಿಸು.”

ಇಬ್ಬರೂ ಅಕ್ಕಪಕ್ಕ ಕೂತರು. ರಹೀಮಾಬೀ ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದುವವಳು. ಕಾಲು ಎಳೆಯುವ ಸಾಲು ತೋರಿಸಿದಳು. ಅವರು ಗೆರೆ ಹೊಡೆದರು. ಸೆರಗು ಸಿಕ್ಕಿಸುವ ಸಾಲು, ಗೆರೆ. ಮಕ್ಕಳನ್ನು ‘ನನ್ನ ನುಚ್ಚಕ್ಕಿ’ ಎಂದು ಕರೆಯುವ ಮಾತು. ಅದಕ್ಕೂ ಗೆರೆ ಬಿತ್ತು. ಹೀಗೆ ಹೋಗುತ್ತ ಹೋಗುತ್ತ ಕೊನೆಯ ಪುಟಕ್ಕೆ ಬಂದಾಗ ಅವಳು ಅವರ ಮಣಿಕಟ್ಟು ಹಿಡಿದುಕೊಂಡಳು.

“ಸಾಕು ನಿಲ್ಲಸ್ರಿ.”

“ಇದೊಂದು ಐತಲ್ಲ, ಕಾಳು ಕಡಿಯೋದು.”

“ಎಲ್ಲಾ ಹೊಡದುಹಾಕಿದ್ರ ನಮ್ಮವ್ವ ಎಲ್ಲಿರ್ತಾಳ? ಆಕೀದು ಒಂದು ಫೋಟೊ ಇಲ್ಲ. ಆಸ್ಫಿಯಾ ಆಕಿನ್ನ ನೋಡಿಲ್ಲ. ಸಿನಿಮಾ ನಾಳೆ ಥಿಯೇಟರ್ ಬಿಟ್ಟು ಹೋಗತೈತಿ. ಇದರಾಗರ ಇರ್ಲಿ.”

“ಕೊಲೆಗಾರ್ತಿ ಆಗಿ?”

“ಓದಾವರಿಗೆ ಹಂಪಮ್ಮ. ನನಗ ಅವ್ವ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗಿನಿಂದ ರಬ್ಬರ್ ತಂದು ಅವರ ಮುಂದಿಟ್ಟಳು. “ಅಳಸ್ರಿ ಆ ಗೆರಿ ಎಲ್ಲ. ಪುಸ್ತಕ ನಿಮ್ಮದು, ನಿಮ್ಮ ಕೊನಿ ನಿಮಗಿರ್ಲಿ. ಸಿನಿಮಾದಾಗ ನಂದು ನಡೀತಲ್ಲ, ನನಗಷ್ಟ ಸಾಕು.”

ಆಗ ಕುರುಗೋಡಿಗೆ ಹೋದ ವಿಷಯವನ್ನೂ, ಒಗ್ಗಾಣಿ ತಿನ್ನಿಸಿ ಹುಡುಗನಿಗೆ ಕಥೆ ಹೇಳಿಕೊಟ್ಟ ವಿಷಯವನ್ನೂ ತಾನಾಗಿ ಹೇಳಿಬಿಟ್ಟಳು. ಸಾಹೇಬರು ಬಾಯಿ ತೆರೆದು ನನ್ನ ಮುಖ ನೋಡಿದರು. “ಜಯಮ್ಮಾ, ನೀವೂ ಇದರಾಗ ಅದೀರೇನು?” ಎಂದು ಕೇಳಿ, ನಾನು ತಲೆಯಾಡಿಸಿದಾಗ ಗಾದಿಯ ಮೇಲೆ ಬಿದ್ದು ನಕ್ಕರು. ಎಷ್ಟು ನಕ್ಕರೆಂದರೆ ಕೆಮ್ಮು ಬಂದು ರಹೀಮಾಬೀ ಬೆನ್ನು ತಟ್ಟಬೇಕಾಯಿತು.

ಹೊಸ ಮುದ್ರಣ ಬಂತು. ಒಂದಕ್ಷರವೂ ಬದಲಾಗಿಲ್ಲ. ಓದಿದವರು, ನೋಡಿದವರು ಎಂದು ಊರಲ್ಲಿ ಎರಡು ಬಣಗಳಾಗಿವೆ. ಚಹಾದಂಗಡಿಯಲ್ಲಿ ಇದೇ ವಾದ. ಒಂದು ದಿನ ಹಚ್ಚೊಳ್ಳಿಯ ರೈತ ಸುಂಕಣ್ಣ ಟ್ರ್ಯಾಕ್ಟರನ್ನು ಓಣಿಯ ಬಾಯಲ್ಲಿ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತ. ಅವನು ಸಿನಿಮಾ ನೋಡಿದ್ದ. ಅವನ ಮಗಳು ಪುಸ್ತಕ ಓದಿದ್ದಳು. ಮನೆಯಲ್ಲಿ ಜಗಳ ಹತ್ತಿತ್ತು.

“ಸಾಹೇಬ್ರ, ಖರೇನ ಹೇಳ್ರಿ. ಯಾರು ಕೊಂದಿದ್ದು?”

“ನಿಮ್ಮ ಮಗಳು ಕೇಳಿದ್ರ ನನ್ನ ಹತ್ರ ಕಳಸ್ರಿ, ನಾ ಹೇಳ್ತೀನಿ. ನೀವು ಕೇಳೋದಾದ್ರ ಒಳಗ ರೊಟ್ಟಿ ಬಡಿಯಾಕತ್ಯಾಳ, ಆಕಿನ್ನ ಕೇಳ್ರಿ,” ಎಂದರು ಇಮಾಮಹುಸೇನರು.

ಸುಂಕಣ್ಣ ಅಂದು ರೊಟ್ಟಿ ತಿಂದೇ ಹೋದ.

ಈಗ ಸಾಹೇಬರು ಎರಡನೆಯ ಕಾದಂಬರಿ ಶುರು ಮಾಡಿದ್ದಾರೆ. ಕಾಲುವೆಯ ನೀರು ಬಿಡುವ ತೂಬಿನ ಹತ್ತಿರ ಒಬ್ಬನ ಚಪ್ಪಲಿ ಮಾತ್ರ ಸಿಗುತ್ತದೆ. ಅಲ್ಲಿಂದ ಕಥೆ ಆರಂಭ. ದಿನಾ ಮಧ್ಯಾಹ್ನ ಊಟವಾದ ಮೇಲೆ ಬರೆದಷ್ಟನ್ನು ಹೆಂಡತಿಗೆ ಓದಿ ಹೇಳುತ್ತಾರೆ. ಗೋಡೆಯ ಈ ಕಡೆ ನಾನೂ ಕೇಳಿಸಿಕೊಳ್ಳುತ್ತೇನೆ. ರಹೀಮಾಬೀ ಪ್ರತಿ ಅಧ್ಯಾಯಕ್ಕೂ ತಕರಾರು ತೆಗೆಯುತ್ತಾಳೆ. ನಿನ್ನೆ, ತೂಬು ಕಾಯುವ ನೀರಗಂಟಿಯ ಹೆಂಡತಿ ಬಿಸಿಲಲ್ಲಿ ದುಡಿಯುವಾಕೆ, ಅವಳನ್ನು ಅಷ್ಟು ಬೆಳ್ಳಗೆ ಯಾಕೆ ಮಾಡಿದಿರಿ ಎಂದು ಕೇಳುತ್ತಿದ್ದಳು. ಸಾಹೇಬರು ಹಾಳೆ ತಿರುವುತ್ತ, ಅದನ್ನು ತಿದ್ದೋಣ, ಮೊದಲು ಮುಂದಿನದನ್ನು ಕೇಳು ಎಂದು ದನಿಯೇರಿಸಿ ಓದತೊಡಗಿದರು.